ಗೋಡೆ ನೇರವಾಯಿತು, ಸೀನು ನಿಲ್ಲಲಿಲ್ಲ

ಮೂಗಿನ ಎರಡೂ ಹೊಳ್ಳೆಗಳಲ್ಲಿ ದಿನವಿಡೀ ಸಮನಾಗಿ ಉಸಿರಾಡುವವರು ವಿರಳ. ಒಳಗಿನ ಮೆತ್ತನೆಯ ಪದರ ಒಂದು ಕಡೆ ರಕ್ತ ತುಂಬಿಕೊಂಡು ಉಬ್ಬಿದರೆ ಇನ್ನೊಂದು ಕಡೆ ಇಳಿಯುತ್ತದೆ. ಕೆಲವು ಗಂಟೆಗಳ ನಂತರ ಪಾಳಿ ಬದಲಾಗುತ್ತದೆ. ರಿಚರ್ಡ್ ಕೈಸರ್ ಎಂಬ ಜರ್ಮನ್ ವೈದ್ಯ 1895ರಲ್ಲಿ ಇದನ್ನು ವಿವರಿಸಿದ. ನಮ್ಮ ಸ್ವರಶಾಸ್ತ್ರದವರು ಅದಕ್ಕೆ ಎಷ್ಟೋ ಮೊದಲೇ ಬಲಕ್ಕೆ ಸೂರ್ಯನಾಡಿ, ಎಡಕ್ಕೆ ಚಂದ್ರನಾಡಿ ಎಂದು ಹೆಸರಿಟ್ಟು, ಯಾವುದು ಆಡುವಾಗ ಪ್ರಯಾಣ ಹೊರಡಬೇಕು, ಯಾವುದು ಆಡುವಾಗ ಊಟಕ್ಕೆ ಕೂರಬೇಕು ಎಂಬ ಪಟ್ಟಿಯನ್ನೂ ಮಾಡಿಟ್ಟಿದ್ದರು. ನನ್ನ ಅಜ್ಜ ಹೊಸ್ತಿಲು ದಾಟುವ ಮೊದಲು ಮೂಗಿನ ಕೆಳಗೆ ಬೆರಳು ಹಿಡಿದು ನೋಡಿಯೇ ಹೊರಡುತ್ತಿದ್ದರು. ಅವರ ಲೆಕ್ಕದಲ್ಲಿ ನಾನು ಶುದ್ಧ ಸೂರ್ಯವಂಶದವನು. ನನ್ನ ಎಡಗಡೆ ಚಂದ್ರ ಉದಯಿಸಿದ್ದೇ ಇಲ್ಲ.

ಚಿಕ್ಕಂದಿನಿಂದ ಒಂದೇ ಹೊಳ್ಳೆಯಲ್ಲಿ ಉಸಿರಾಡಿದವನಿಗೆ ತನಗೇನೋ ಕಡಿಮೆಯಿದೆ ಎಂದು ಗೊತ್ತಾಗುವುದು ತಡವಾಗಿ, ಅದೂ ಬೇರೆಯವರ ಬಾಯಿಂದ. ಬೆಳಗ್ಗೆ ಏಳುವಾಗ ಎಲ್ಲರ ಗಂಟಲೂ ಒಣಗಿರುತ್ತದೆ, ಎಲ್ಲರೂ ತಲೆದೆಸೆಯಲ್ಲಿ ನೀರಿನ ತಂಬಿಗೆ ಇಟ್ಟುಕೊಂಡೇ ಮಲಗುತ್ತಾರೆ ಎಂದುಕೊಂಡಿದ್ದೆ. ಮದುವೆಯಾದ ಮೇಲೆ ಹೆಂಡತಿ ನನ್ನ ಗೊರಕೆಯನ್ನು ಮೊಬೈಲಿನಲ್ಲಿ ಮುದ್ರಿಸಿ ಕೇಳಿಸಿದಳು. ಅದು ನನ್ನದೆಂದು ನಂಬಲು ಸಾಕ್ಷಿ ಬೇಕಾಯಿತು, ಅತ್ತೆಯವರೇ ಸಾಕ್ಷಿ ನುಡಿದರು. ಅದಕ್ಕಿಂತ ಹೆಚ್ಚು ನಾಟಿದ್ದು ತರಗತಿಯಲ್ಲಿ ಆಗುತ್ತಿದ್ದ ಫಜೀತಿ. ನಾನು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಙ, ಞ, ಣ, ನ, ಮ ಈ ಐದು ಅಕ್ಷರಗಳಿಗೂ ಮೂಗಿನ ದಾರಿ ತೆರೆದಿರಬೇಕು. ಡಿಸೆಂಬರ್ ಚಳಿಗೆ ಬಲಗಡೆಯೂ ಕಟ್ಟಿತೆಂದರೆ ‘ನಮ್ಮಮ್ಮ’ ಎನ್ನಲು ಹೋಗಿ ‘ದಬ್ಬಬ್ಬ’ ಎಂದಾಗುತ್ತಿತ್ತು. ಹಿಂದಿನ ಬೆಂಚಿನ ಹುಡುಗರು ಹಳಗನ್ನಡ ಕಲಿತರೋ ಇಲ್ಲವೋ, ನನ್ನ ಮೂಗಿನ ಕನ್ನಡವನ್ನಂತೂ ಚೆನ್ನಾಗಿ ಕಲಿತರು.

ಊರಿನಲ್ಲಿ ಇದಕ್ಕೆಲ್ಲ ಎರಡೇ ರೋಗನಿರ್ಣಯ. ಒಂದು, ‘ಸೈನಸ್ ಇದೆ’. ಇನ್ನೊಂದು, ‘ಮೂಗಿನಲ್ಲಿ ಮೂಳೆ ಬೆಳೆದಿದೆ’. ಸೈನಸ್ ಎಲ್ಲರಿಗೂ ಇದೆ, ಅವು ಮುಖದ ಮೂಳೆಗಳೊಳಗಿನ ಗಾಳಿಯ ಗೂಡುಗಳು. ಎರಡನೆಯ ಮಾತಿನಲ್ಲಿ ಒಂದಿಷ್ಟು ಸತ್ಯವಿದೆ. ಮೂಗಿನ ನಡುಗೋಡೆಯ ಮುಂಭಾಗ ಚೌಕಾಕಾರದ ಒಂದು ಮೃದ್ವಸ್ಥಿಯ ಹಾಳೆ. ಅದರ ಹಿಂದೆ ಮೇಲಿನಿಂದ ಎತ್‌ಮಾಯ್ಡ್ ಮೂಳೆಯ ತೆಳು ಪಟ್ಟಿ ಇಳಿದಿರುತ್ತದೆ, ಕೆಳಗಿನಿಂದ ವೋಮರ್ ಎಂಬ ಮೂಳೆ ಎದ್ದಿರುತ್ತದೆ. ಹುಟ್ಟುವಾಗ ಬಿದ್ದ ಒತ್ತಡದಿಂದಲೋ, ಆಟದಲ್ಲಿ ಬಿದ್ದ ಪೆಟ್ಟಿನಿಂದಲೋ, ಬೆಳೆಯುವಾಗ ಈ ತುಂಡುಗಳು ಒಂದಕ್ಕೊಂದು ಹೊಂದದೆ ಹೋದದ್ದರಿಂದಲೋ ಗೋಡೆ ವಾಲುತ್ತದೆ. ತುಂಡುಗಳು ಕೂಡುವ ಕಡೆ ಮುಳ್ಳಿನಂತಹ ಕೋಡೂ ಮೂಡಬಹುದು. ಆಸ್ಪತ್ರೆಯ ಚೀಟಿಯಲ್ಲಿ ಇದರ ಹೆಸರು ಡಿ.ಎನ್.ಎಸ್. ತೀರಾ ನೆಟ್ಟಗಿನ ನಡುಗೋಡೆ ಇರುವವರು ಹುಡುಕಿದರೆ ಸಿಕ್ಕಾರು. ಅಷ್ಟಿಷ್ಟು ಡೊಂಕು ಬಹುಪಾಲು ಜನರಿಗೆ ಇರುತ್ತದೆ, ಅದರಿಂದ ಅವರಿಗೆ ಏನೂ ಆಗಿರುವುದಿಲ್ಲ. ಸ್ಕ್ಯಾನ್ ವರದಿಯಲ್ಲಿ ಡಿ.ಎನ್.ಎಸ್. ಎಂದು ಅಚ್ಚಾಗಿದ್ದ ಮಾತ್ರಕ್ಕೆ ಶಸ್ತ್ರಚಿಕಿತ್ಸೆಗೆ ಓಡಬೇಕಿಲ್ಲ ಎನ್ನುವುದಕ್ಕೆ ಇದೇ ಕಾರಣ.

ಇ.ಎನ್.ಟಿ. ವೈದ್ಯೆ ಮೊದಲು ಮಾಡಿದ್ದು ನನ್ನ ಕೆನ್ನೆಯನ್ನು ಮೂಗಿನ ಪಕ್ಕದಿಂದ ಹೊರಕ್ಕೆ ಎಳೆದು ಉಸಿರೆಳೆಯಲು ಹೇಳಿದ್ದು. ತುಸು ಸರಾಗವಾಯಿತು. ಮೂಗಿನ ಮುಂಭಾಗದಲ್ಲಿ, ಹೊಳ್ಳೆಯಿಂದ ಸ್ವಲ್ಪವೇ ಒಳಗೆ, ಇಡೀ ಉಸಿರಿನ ದಾರಿಯ ಅತಿ ಇಕ್ಕಟ್ಟಾದ ಜಾಗವಿದೆ. ಗಾಳಿ ಶ್ವಾಸಕೋಶಕ್ಕೆ ಇಳಿಯುವಾಗ ಎದುರಾಗುವ ಒಟ್ಟು ಅಡೆತಡೆಯಲ್ಲಿ ಸುಮಾರು ಅರ್ಧ ಮೂಗಿನದೇ, ಅದರಲ್ಲಿ ಬಹುಪಾಲು ಈ ಇಕ್ಕಟ್ಟಿನದು. ನೇರ ಕೊಳವೆಯಲ್ಲಿ ಸರಾಗ ಹರಿವಿಗೆ ಪಾಸೆಯ್‌ನ ಸೂತ್ರ ಹೇಳುವುದೇನೆಂದರೆ, ತ್ರಿಜ್ಯ ಅರ್ಧಕ್ಕೆ ಇಳಿದರೆ ತಡೆ 16 ಪಟ್ಟು ಏರುತ್ತದೆ. ಮೂಗು ಅಷ್ಟು ಸರಳ ಕೊಳವೆಯಲ್ಲ, ನಿಜ. ಆದರೂ ಹಿಂದೆಲ್ಲೋ ಇರುವ ದೊಡ್ಡ ಡೊಂಕು ಸುಮ್ಮನಿದ್ದು, ಮುಂದಿನ ಒಂದೆರಡು ಮಿಲಿಮೀಟರಿನ ಡೊಂಕು ರಾತ್ರಿಯ ನಿದ್ದೆ ಕೆಡಿಸುವುದು ಏಕೆಂದು ಇದರಿಂದ ತಿಳಿಯುತ್ತದೆ.

ಆಮೇಲೆ ಸಿ.ಟಿ. ಸ್ಕ್ಯಾನ್. ಕಪ್ಪು ಬಿಳುಪಿನಲ್ಲಿ ನನ್ನದೇ ಮುಖವನ್ನು ಮುಂದಿನಿಂದ ಹಿಂದಕ್ಕೆ ಪದರ ಪದರವಾಗಿ ಕೊಯ್ದು ಪರದೆಯ ಮೇಲೆ ಹರಡಿದ್ದರು. ನಡುವೆ ಕಂಬದಂತೆ ನಿಲ್ಲಬೇಕಾಗಿದ್ದ ಗೆರೆ ಅವಗ್ರಹದ ‘ಽ’ ಗುರುತಿನಂತೆ ಬಳುಕಿ ಎಡಗೋಡೆಗೆ ಒರಗಿತ್ತು. ನನಗೆ ಅಚ್ಚರಿಯಾದದ್ದು ಬಲಗಡೆ. ಅಲ್ಲಿ ಜಾಗ ಧಾರಾಳವಾಗಿರಬೇಕಿತ್ತು. ಬದಲಿಗೆ ಬೂದು ಬಣ್ಣದ ದಪ್ಪ ಉಬ್ಬೊಂದು ಖಾಲಿ ಜಾಗವನ್ನೆಲ್ಲ ಆಕ್ರಮಿಸಿತ್ತು. ಅದು ಕೆಳಗಿನ ಟರ್ಬಿನೇಟ್. ಮೂಗಿನ ಪಕ್ಕಗೋಡೆಯಿಂದ ಸುರುಳಿಯಾಗಿ ಹೊರಚಾಚಿರುವ ಈ ಮಡಿಕೆಗಳೇ ಒಳಬರುವ ಗಾಳಿಯನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ, ಧೂಳು ಸೋಸಿ ಕಳುಹಿಸುತ್ತವೆ. ಗೋಡೆ ಒಂದು ಕಡೆ ವಾಲಿದಾಗ ಇನ್ನೊಂದು ಕಡೆಯ ಟರ್ಬಿನೇಟ್ ಉಬ್ಬಿ ಜಾಗ ತುಂಬುತ್ತದೆ. ಮೂಗಿಗೆ ಹೆಚ್ಚು ಇಕ್ಕಟ್ಟೂ ಬೇಡ, ಹೆಚ್ಚು ವಿಶಾಲವೂ ಬೇಡ. ಎಡಕ್ಕೆ ವಾಲಿದ ಗೋಡೆಯಿಂದ ಬಲಗಡೆಯೂ ಕಟ್ಟುವುದು ಹೀಗೆ.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತಿ ಮುಖ್ಯ ಘಟ್ಟ ಶಸ್ತ್ರಚಿಕಿತ್ಸೆಯಲ್ಲ, ಅದಕ್ಕೂ ಮೊದಲು ವೈದ್ಯೆ ಹಾಕಿದ ಹನಿಗಳು. ರಕ್ತನಾಳಗಳನ್ನು ಕುಗ್ಗಿಸುವ ಔಷಧಿಯನ್ನು ಎರಡೂ ಹೊಳ್ಳೆಗೆ ಬಿಟ್ಟು ಹೊರಗೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ಬಲಗಡೆ ಅರಳಿದಂತೆ ತೆರೆದುಕೊಂಡಿತು. ಎಡಗಡೆ ಅಲ್ಲಾಡಲಿಲ್ಲ. “ನೋಡಿ, ಹನಿಗೆ ತೆರೆಯುವುದು ಪದರದ ತೊಂದರೆ, ತೆರೆಯದೆ ಉಳಿಯುವುದು ಗೋಡೆಯ ತೊಂದರೆ. ನಿಮಗೆ ಎರಡೂ ಇದೆ. ನಾನು ಗೋಡೆ ಸರಿಮಾಡಬಲ್ಲೆ. ಪದರದ ಜೊತೆ ನೀವು ಬದುಕಬೇಕು,” ಎಂದರು. ಅಲರ್ಜಿಯ ಪದರವನ್ನು ಯಾವ ಕತ್ತಿಯೂ ಗುಣಪಡಿಸದು. ಈ ಒಂದು ವಾಕ್ಯವನ್ನು ಎಷ್ಟೋ ಜನ ಶಸ್ತ್ರಚಿಕಿತ್ಸೆಯ ಹಿಂದಿನ ದಿನವೂ ಕೇಳಿರುವುದಿಲ್ಲ. ಆಮೇಲೆ ‘ಆಪರೇಷನ್ ಮಾಡಿಸಿದರೂ ಸೀನು ಹೋಗಲಿಲ್ಲ, ದುಡ್ಡು ದಂಡ’ ಎಂದು ಹೇಳಿಕೊಂಡು ತಿರುಗುತ್ತಾರೆ.

(ಆ ಹನಿಗಳ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತವೆ, ಕ್ಷಣದಲ್ಲಿ ಮೂಗು ತೆರೆಯುತ್ತವೆ. ಕೆಲವು ದಿನ ದಾಟಿ ಬಳಸಿದರೆ ಔಷಧಿ ಇಳಿದಾಗ ಪದರ ಮೊದಲಿಗಿಂತ ಹೆಚ್ಚು ಉಬ್ಬುತ್ತದೆ, ಅದಕ್ಕೆ ಮತ್ತೆ ಹನಿ, ಮತ್ತೆ ಉಬ್ಬು. ದಿಂಬಿನ ಕೆಳಗೆ ಆ ಪುಟ್ಟ ಸೀಸೆಯಿಲ್ಲದೆ ಮಲಗಲಾರದ ಸಹೋದ್ಯೋಗಿಯೊಬ್ಬರು ನನಗಿದ್ದಾರೆ.)

ಕೆಲವು ವಾರ ಸ್ಟೀರಾಯ್ಡ್ ಸ್ಪ್ರೇ, ಉಪ್ಪುನೀರಿನ ತೊಳೆತ. ಬಲಗಡೆ ಸುಧಾರಿಸಿತು, ಎಡಗಡೆ ಇದ್ದ ಹಾಗೆಯೇ ಇತ್ತು. ಶಸ್ತ್ರಚಿಕಿತ್ಸೆ ಎಂದು ನಿರ್ಧಾರವಾದಾಗ ಮನೆಯಲ್ಲಿ ಗಾದೆಗಳ ಮಳೆ. ‘ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ’ ಎಂದು ದೊಡ್ಡಪ್ಪ. ‘ಮೂಗಿಗಿಂತ ಮೂಗುತಿ ಭಾರ’ ಎಂದು, ಖರ್ಚಿನ ಅಂದಾಜು ಕೇಳಿದ ಮೇಲೆ, ಚಿಕ್ಕಮ್ಮ. ಮೂಗಿನ ಆಕಾರ ಬದಲಾಯಿಸಿಕೊಳ್ಳಲು ಹೊರಟಿದ್ದೇನೆ ಎಂದೇ ಅರ್ಧ ಬಂಧುಗಳು ತಿಳಿದಿದ್ದರು. ಹೊರಗಿನ ಆಕಾರವನ್ನು ತಿದ್ದುವುದು ಬೇರೆಯದೇ ವಿದ್ಯೆ, ಅದರ ಚರಿತ್ರೆಯಲ್ಲಿ ನಮ್ಮ ನೆಲದ ಪಾಲೂ ಇದೆ. ಟಿಪ್ಪುವಿನ ವಿರುದ್ಧದ 1792ರ ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಎಂಬಾತ ಸೆರೆ ಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಬಳಿ ದೇಶೀ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಅದನ್ನು ಚಿತ್ರಸಹಿತ ಪ್ರಕಟಿಸಿದ ಮೇಲೆಯೇ ಯುರೋಪಿನ ವೈದ್ಯರು ಆ ವಿಧಾನವನ್ನು ಕೈಗೆತ್ತಿಕೊಂಡರು. ದೊಡ್ಡಪ್ಪನಿಗೆ ಈ ಕತೆ ಬಹಳ ಹಿಡಿಸಿತು. ಆದರೆ ನನ್ನ ಶಸ್ತ್ರಚಿಕಿತ್ಸೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದರು. ಇಲ್ಲ ಎಂದೆ.

ನಡುಗೋಡೆಯ ಶಸ್ತ್ರಚಿಕಿತ್ಸೆಯ ವಂಶಾವಳಿ ಇನ್ನೂ ಹತ್ತಿರದ ಕಾಲದ್ದು. ಷಿಕಾಗೋದ ಫ್ರೀರ್ 1902ರಲ್ಲಿ, ಜರ್ಮನಿಯ ಕಿಲಿಯನ್ 1904ರಲ್ಲಿ, ಪದರವನ್ನು ಉಳಿಸಿಕೊಂಡು ಅದರಡಿಯ ಡೊಂಕು ಮೃದ್ವಸ್ಥಿ ಮತ್ತು ಮೂಳೆಯನ್ನು ಕತ್ತರಿಸಿ ತೆಗೆಯುವ ವಿಧಾನವನ್ನು ಪ್ರಚಾರಕ್ಕೆ ತಂದರು. ಅದು ಎಸ್.ಎಂ.ಆರ್. ನಮ್ಮ ಹಿಂದಿನ ತಲೆಮಾರಿನವರು ಮಾಡಿಸಿಕೊಂಡದ್ದು ಹೆಚ್ಚಾಗಿ ಇದೇ. ತೆಗೆಯುವ ಕೈ ಧಾರಾಳವಾದರೆ ಆಧಾರವಿಲ್ಲದ ಮೂಗಿನ ಬೆನ್ನು ಕಾಲಾಂತರದಲ್ಲಿ ಕುಸಿಯುವ ಅಪಾಯವಿತ್ತು. 20ನೆಯ ಶತಮಾನದ ನಡುವಿನಲ್ಲಿ ಷಿಕಾಗೋದವರೇ ಆದ ಮಾರಿಸ್ ಕಾಟ್ಲ್ ಮತ್ತವರ ಬಳಗ ತೆಗೆಯುವುದಕ್ಕಿಂತ ಉಳಿಸಿ ತಿದ್ದುವುದರ ಮೇಲೆ ಒತ್ತು ಹಾಕಿತು. ನನ್ನ ಕೆನ್ನೆ ಎಳೆದು ನೋಡಿದ ಪರೀಕ್ಷೆಗೂ ಈ ಕಾಟ್ಲ್ ಅವರದೇ ಹೆಸರು. ಈಗಿನ ಸೆಪ್ಟೋಪ್ಲಾಸ್ಟಿಯಲ್ಲಿ ಮೂಗಿನ ಬೆನ್ನಿನಗುಂಟ ಮತ್ತು ಮುಂತುದಿಯಲ್ಲಿ ಕನಿಷ್ಠ ಒಂದು ಸೆಂಟಿಮೀಟರಿನಷ್ಟು ಮೃದ್ವಸ್ಥಿಯ ಪಟ್ಟಿಯನ್ನು ಉಳಿಸಿಯೇ ಉಳಿದದ್ದಕ್ಕೆ ಕೈಹಾಕುತ್ತಾರೆ. ನನ್ನ ವೈದ್ಯೆ ಇದನ್ನು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು.

ಶಸ್ತ್ರಚಿಕಿತ್ಸೆಯ ಹೊತ್ತಿನ ಬಗ್ಗೆ ಹೇಳಲು ನನ್ನ ಬಳಿ ಏನೂ ಇಲ್ಲ; ಅರಿವಳಿಕೆಯವರು ಕಾಲೇಜಿನ ಹೆಸರು ಕೇಳಿದ್ದು ನೆನಪಿದೆ, ಉತ್ತರ ಕೊಟ್ಟದ್ದು ನೆನಪಿಲ್ಲ. ನಡೆದದ್ದಿಷ್ಟು: ಹೊಳ್ಳೆಯ ಒಳಗಿನಿಂದಲೇ ಕೊಯ್ದು, ಎರಡೂ ಬದಿಯ ಪದರವನ್ನು ಗೋಡೆಯಿಂದ ಬಿಡಿಸಿ, ಡೊಂಕು ಭಾಗವನ್ನೂ ಕೋಡನ್ನೂ ತೆಗೆದು, ಉಳಿದದ್ದನ್ನು ನಡುವಿಗೆ ತಂದು ಹೊಲಿಗೆ ಹಾಕಿದರು. ಬಲಗಡೆಯ ಟರ್ಬಿನೇಟನ್ನು ಕೊಂಚವೇ ಕುಗ್ಗಿಸಿದರು. ಎರಡೂ ಬದಿಗೆ ಸಿಲಿಕೋನ್ ಹಾಳೆಗಳನ್ನಿಟ್ಟು, ರಕ್ತ ನಿಲ್ಲಲು ಸ್ಪಂಜಿನ ಪಟ್ಟಿ ತುರುಕಿದರು. ಮುಖದ ಹೊರಗೆ ಒಂದು ಗೀರೂ ಇಲ್ಲ. ನೋಡಲು ಬಂದವರಿಗೆ ನಿರಾಶೆಯೇ ಆಯಿತು.

ಎಚ್ಚರವಾದಾಗಿನ ವಿಷಯ ಬೇರೆ. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ ಎಂಬ ಗಾದೆಯನ್ನು ಆ ರಾತ್ರಿಯಿಡೀ ಪಾಲಿಸಿದೆ. ನೋವು ನಿರೀಕ್ಷಿಸಿದ್ದಷ್ಟು ಇರಲಿಲ್ಲ. ತಲೆಯಲ್ಲಿ ಭಾರೀ ನೆಗಡಿ ಕುಳಿತ ಹಾಗಿತ್ತು. ಯಾರೂ ಮುಂಚಿತವಾಗಿ ಹೇಳದಿದ್ದದ್ದು ನುಂಗುವಾಗಿನ ಕಷ್ಟ. ಮೂಗು ಪೂರ್ತಿ ಮುಚ್ಚಿದ್ದಾಗ ಒಂದು ಗುಟುಕು ನೀರು ನುಂಗಿದರೂ ಕಿವಿಯ ತಮಟೆ ಒಳಕ್ಕೆ ಸೆಳೆದಂತಾಗುತ್ತದೆ. ಗುಟುಕು, ಸೆಳೆತ, ಬಾಯಿಯಿಂದ ಉಸಿರು, ಮತ್ತೆ ಗುಟುಕು. ಮರುದಿನ ಮನೆಯಿಂದ ಬಂದ ತಿಳಿಸಾರಿನಲ್ಲಿ ಉಪ್ಪು ಇತ್ತು, ಹುಳಿ ಇತ್ತು, ಮೆಣಸಿನ ಉರಿ ಇತ್ತು. ಸಾರು ಮಾತ್ರ ಇರಲಿಲ್ಲ. ಇಂಗು, ಕರಿಬೇವು, ಕೊತ್ತಂಬರಿಯ ರುಚಿಯೆಂದು ನಾವು ನಾಲಿಗೆಯ ಲೆಕ್ಕಕ್ಕೆ ಬರೆಯುವುದೆಲ್ಲ ಬಾಯಿಯ ಹಿಂದಿನಿಂದ ಮೂಗಿಗೆ ಏರುವ ಪರಿಮಳ. ಆ ದಾರಿ ಮುಚ್ಚಿದರೆ ನಾಲಿಗೆ ಎಷ್ಟು ಬಡವಿ ಎಂದು ಅಂದು ತಿಳಿಯಿತು.

ಸ್ಪಂಜು ಮರುದಿನವೇ ಹೊರಬಂತು, ಕಣ್ಣಲ್ಲಿ ನೀರು ತರಿಸಿಯೇ ಬಂತು. ಸಿಲಿಕೋನ್ ಹಾಳೆಗಳು ಇನ್ನೂ ಒಂದು ವಾರ ಒಳಗಿದ್ದವು. ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಮೂಗು ಸೀಂಟಬಾರದು, ಭಾರ ಎತ್ತಬಾರದು, ತಲೆ ಎತ್ತರಿಸಿ ಮಲಗಬೇಕು. ಗೋಡೆಯ ಎರಡೂ ಬದಿ ಒಟ್ಟಿಗೆ ಊದಿ ನೋವು ಹೆಚ್ಚಾದರೆ, ಜ್ವರ ಬಂದರೆ, ಕಾಯದೆ ಬರಬೇಕು ಎಂದು ದಾದಿ ಮತ್ತೆ ಮತ್ತೆ ಹೇಳಿದರು. ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ, ಅಂಟಿಕೊಂಡ ಹೊದಿಕೆಯಿಂದಲೇ ಅದಕ್ಕೆ ಪೋಷಣೆ. ನಡುವೆ ರಕ್ತ ಹೆಪ್ಪುಗಟ್ಟಿ ಹೊದಿಕೆ ಬೇರ್ಪಟ್ಟರೆ ಅದು ಸಾಯುತ್ತದೆ, ಗೋಡೆಯಲ್ಲಿ ತೂತಾಗಬಹುದು, ಮೂಗು ಕುಸಿಯಬಹುದು. ನನಗೆ ಅಂಥದ್ದೇನೂ ಆಗಲಿಲ್ಲ. ಮೇಲಿನ ಮುಂಬಲ್ಲುಗಳು ಮಾತ್ರ ಕೆಲ ತಿಂಗಳು ಮರಗಟ್ಟಿದ್ದವು; ಹಲ್ಲುಜ್ಜುವಾಗ ಬೇರೆ ಯಾರದೋ ಹಲ್ಲು ಉಜ್ಜಿದ ಭಾವನೆ. ಅಲ್ಲಿಗೆ ಹೋಗುವ ನರ ಇದೇ ನಡುಗೋಡೆಯಗುಂಟ ಇಳಿಯುತ್ತದೆಯಂತೆ.

ಹಾಳೆಗಳನ್ನು ತೆಗೆದ ದಿನ. ವೈದ್ಯೆ ಮುಂದಿನ ಹೊಲಿಗೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಎಳೆದರು. ಬರುತ್ತಲೇ ಇತ್ತು. ಇಷ್ಟುದ್ದದ ವಸ್ತು ನನ್ನ ಮುಖದೊಳಗೆ ಎಲ್ಲಿತ್ತು ಎಂದು ಯೋಚಿಸುವಷ್ಟರಲ್ಲಿ ಎಡಹೊಳ್ಳೆಯಿಂದ ತಣ್ಣನೆಯ ಗಾಳಿ ಗಂಟಲಿನವರೆಗೆ ಹೋಯಿತು. ನನ್ನ ಮೊದಲ ಪ್ರತಿಕ್ರಿಯೆ ಸಂತೋಷವಲ್ಲ, ಗಾಬರಿ. ಒಳಗೆಲ್ಲೋ ಕಿಟಕಿ ತೆರೆದುಬಿಟ್ಟಿದ್ದಾರೆ, ಮುಚ್ಚಿ ಎನ್ನಬೇಕು ಅನಿಸಿತು.

ಆ ತಣ್ಣನೆಯ ಬಗ್ಗೆ ಆಮೇಲೆ ಸಾಕಷ್ಟು ಓದಿದೆ. ಮೂಗಿನಲ್ಲಿ ಗಾಳಿ ಎಷ್ಟು ಹರಿಯಿತೆಂದು ಅಳೆಯುವ ಮೀಟರಿಲ್ಲ. ಪದರದ ಮೇಲಿನ ತಂಪಿನ ಗ್ರಾಹಕಗಳು ತಣ್ಣಗಾದಷ್ಟೂ ‘ಉಸಿರು ಸರಾಗ’ ಎಂದು ಮೆದುಳು ತಿಳಿಯುತ್ತದೆ. ಮೆಂಥಾಲ್ ಅದೇ ಗ್ರಾಹಕವನ್ನು ಕೆರಳಿಸುತ್ತದೆ. ಈ ಗ್ರಾಹಕವನ್ನು 2002ರಲ್ಲಿ ಗುರುತಿಸಿದವರಲ್ಲಿ ಇಬ್ಬರಾದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಸ್ಪರ್ಶ ಮತ್ತು ತಾಪದ ಸಂಶೋಧನೆಗಾಗಿ 2021ರಲ್ಲಿ ನೊಬೆಲ್ ಹಂಚಿಕೊಂಡರು. ಕಾರ್ಡಿಫ್‌ನ ರಾನ್ ಎಕ್ಲ್ಸ್ ಅದಕ್ಕೂ ಮೊದಲೇ ತೋರಿಸಿದ್ದರು: ಮೆಂಥಾಲ್ ಸೇವಿಸಿದವರಿಗೆ ಮೂಗು ತೆರೆದಂತೆ ಅನಿಸುತ್ತದೆ, ಅಳೆದು ನೋಡಿದರೆ ಗಾಳಿಯ ತಡೆ ಕಿಂಚಿತ್ತೂ ಇಳಿದಿರುವುದಿಲ್ಲ. ಮಲಗುವ ಮುನ್ನ ಅಮೃತಾಂಜನ ಹಚ್ಚಿಕೊಂಡು ‘ಈಗ ಹಾಯೆನಿಸಿತು’ ಎನ್ನುತ್ತಿದ್ದ ನಮ್ಮ ಮನೆಯ ಮೂರು ತಲೆಮಾರಿಗೂ ಇದನ್ನು ಹೇಳುವ ಧೈರ್ಯ ನನಗಿಲ್ಲ.

ತಂಪಿನ ಈ ಲೆಕ್ಕ ತಿರುಗುಬಾಣವೂ ಆಗಬಹುದು. ಟರ್ಬಿನೇಟುಗಳನ್ನು ಅತಿಯಾಗಿ ಕತ್ತರಿಸಿದ ಕೆಲವರಿಗೆ ಮೂಗು ಗುಹೆಯಷ್ಟು ತೆರೆದಿದ್ದರೂ ಉಸಿರೇ ಸಿಗದಂತೆ ಅನಿಸುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 1994ರಲ್ಲಿ ಇದಕ್ಕೆ ‘ಎಂಪ್ಟಿ ನೋಸ್’ ಎಂದು ಹೆಸರು ಬಿತ್ತು. ‘ದುರ್ಮಾಂಸ ಬೆಳೆದಿದೆ, ಪೂರ್ತಿ ತೆಗೆದುಬಿಡೋಣ’ ಎಂದು ಯಾರಾದರೂ ಹೇಳಿದರೆ ಯಾವ ಮಾಂಸ, ಎಷ್ಟು ತೆಗೆಯುತ್ತೀರಿ, ಎಷ್ಟು ಉಳಿಸುತ್ತೀರಿ ಎಂದು ಕೇಳುವುದು ರೋಗಿಯ ಹಕ್ಕು. ಪದರ ಊದಿ ಜೋತುಬೀಳುವ ಪಾಲಿಪ್ ಎಂಬ ಗಂಟಿಗೂ ಟರ್ಬಿನೇಟಿಗೂ ನಮ್ಮಲ್ಲಿ ಒಂದೇ ಹೆಸರು ಓಡಾಡುವುದರಿಂದ ಈ ಪ್ರಶ್ನೆ ಇನ್ನಷ್ಟು ಅಗತ್ಯ.

ಇಷ್ಟು ಹಳೆಯ ಶಸ್ತ್ರಚಿಕಿತ್ಸೆಯಿಂದ ನಿಜಕ್ಕೂ ಲಾಭವಿದೆಯೇ ಎಂಬ ದೊಡ್ಡ ಪರೀಕ್ಷೆಗಳು ನಡೆದದ್ದು ತೀರಾ ಇತ್ತೀಚೆಗೆ. ನೆದರ್ಲೆಂಡ್ಸ್‌ನಲ್ಲಿ 203 ವಯಸ್ಕರ ಮೇಲೆ ನಡೆದ ಅಧ್ಯಯನ 2019ರಲ್ಲಿ, ಬ್ರಿಟನ್ನಿನಲ್ಲಿ 378 ಜನರ ಮೇಲೆ ನಡೆದದ್ದು 2023ರಲ್ಲಿ ಪ್ರಕಟವಾದವು. ಎರಡರಲ್ಲೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅದಿಲ್ಲದೆ ಮುಂದುವರಿದವರಿಗಿಂತ ಹೆಚ್ಚು ಸುಧಾರಿಸಿದ್ದರು. ನನಗೆ ಇದು ಸಮಾಧಾನದ ಸಂಗತಿ, ಆದರೆ ಆ ಅಧ್ಯಯನಗಳಿಗೆ ಆರಿಸಿದ್ದು ಮೂಗು ಕಟ್ಟುವ ತೊಂದರೆಯೂ ಡೊಂಕೂ ಎರಡೂ ಇದ್ದವರನ್ನು ಎಂಬುದನ್ನು ಮರೆಯಬಾರದು. ಗೊರಕೆ ಹೋಗಲಿ ಎಂದೋ, ತಲೆನೋವು ಹೋಗಲಿ ಎಂದೋ ಮಾಡಿಸಿಕೊಳ್ಳುವವರಿಗೆ ಆ ಅಂಕಿಗಳು ಭರವಸೆ ಕೊಡುವುದಿಲ್ಲ. ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ ಇರುವವರಿಗೆ ಮೂಗು ಒಂದನ್ನೇ ಸರಿಪಡಿಸಿ ವಾಸಿಯಾಗುವುದು ಅಪರೂಪ. ನನ್ನ ಗೊರಕೆ ಪೂರ್ತಿ ನಿಂತಿಲ್ಲ, ಶ್ರುತಿ ಇಳಿದಿದೆ ಎಂಬುದು ಮನೆಯವಳ ವರದಿ.

ವಿಮೆಯ ವಿಷಯ ಎರಡೇ ಮಾತು. ಬಹಳಷ್ಟು ಪಾಲಿಸಿಗಳಲ್ಲಿ ಕಿವಿ, ಮೂಗು, ಗಂಟಲಿನ ಇಂತಹ ಕಾಯಿಲೆಗಳಿಗೆ ಎರಡು ವರ್ಷ ಕಾಯಬೇಕು. ಮತ್ತು ಇದು ಸೌಂದರ್ಯಕ್ಕಲ್ಲ, ಉಸಿರಿಗೆ ಎಂದು ತೋರಿಸಲು ಸ್ಕ್ಯಾನ್, ಎಂಡೋಸ್ಕೋಪಿ ವರದಿ, ಮೊದಲು ಔಷಧಿ ಪ್ರಯತ್ನಿಸಿದ ಚೀಟಿಗಳು ಬೇಕಾಗುತ್ತವೆ. ಚೀಟಿ ಎಸೆಯಬೇಡಿ.

ಈಗಿನ ಸ್ಥಿತಿ ಹೀಗಿದೆ. ಎಡಹೊಳ್ಳೆ ಆಡುತ್ತದೆ. ತಲೆದೆಸೆಯ ತಂಬಿಗೆ ಅಡುಗೆಮನೆಗೆ ಮರಳಿದೆ. ತರಗತಿಯಲ್ಲಿ ಅನುನಾಸಿಕಗಳು ಅನುನಾಸಿಕಗಳಾಗಿಯೇ ಹೊರಡುತ್ತವೆ. ಸೀನು ಮಾತ್ರ ಮೊದಲಿನ ಹಾಗೆಯೇ ಇದೆ. ಬೀದಿಯಲ್ಲಿ ಯಾರೋ ಹಳೆಯ ಮನೆ ಕೆಡವಿದರೆ, ಖಾಲಿ ನಿವೇಶನದಲ್ಲಿ ಪಾರ್ಥೇನಿಯಂ ಹೂಬಿಟ್ಟರೆ ಬೆಳಗಿನ ಕಾಫಿಗೂ ಮೊದಲು ಸೀನಿನ ಸರಣಿ ಶುರುವಾಗುತ್ತದೆ. ಸ್ಪ್ರೇ ನಿಂತಿಲ್ಲ. ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿದ ನೀರಿನಲ್ಲಿ ಮೂಗು ತೊಳೆಯುವುದೂ ನಿಂತಿಲ್ಲ. ಅದಕ್ಕೆ ಕುದಿಸಿ ಆರಿಸಿದ ನೀರೇ ಆಗಬೇಕು. ನಲ್ಲಿಯ ಅಥವಾ ಬಾವಿಯ ನೀರನ್ನು ನೇರವಾಗಿ ಮೂಗಿಗೆ ಏರಿಸಿದರೆ ಮೆದುಳಿಗೆ ದಾಟುವ ಅಮೀಬಾದ ಅಪಾಯ ಅಪರೂಪವಾದರೂ ಇದೆ, ತಗುಲಿದರೆ ಬದುಕುಳಿಯುವವರು ತೀರಾ ಕಡಿಮೆ.

ಕಳೆದ ತಿಂಗಳು ತಂಗಿ ಫೋನ್ ಮಾಡಿದ್ದಳು. ಮಗ ಎಂಟನೆಯ ತರಗತಿ, ಬಾಯಿ ತೆರೆದೇ ಓದುತ್ತಾನೆ, ಬಾಯಿ ತೆರೆದೇ ಮಲಗುತ್ತಾನೆ. ಸ್ಕ್ಯಾನಿನಲ್ಲಿ ಡಿ.ಎನ್.ಎಸ್. ಬಂದಿದೆ. ಅಲ್ಲಿಯ ವೈದ್ಯರು ಈಗ ಬೇಡ, ಮುಖ ಬೆಳೆಯುವುದು ಮುಗಿಯಲಿ, ಮೊದಲು ಅಲರ್ಜಿ ನೋಡೋಣ ಎಂದರಂತೆ. ಅವಳಿಗೆ ಅದು ತಳ್ಳಿಹಾಕಿದಂತೆ ಕೇಳಿಸಿದೆ. “ನಿನಗೆ ಮಾಡಿದರಲ್ಲ, ಇವನಿಗೇಕೆ ಬೇಡ?” ಎಂದು ನನ್ನನ್ನೇ ಗದರಿದಳು. ಹನಿ ಹಾಕಿ ನೋಡಿದರೇ ಎಂದು ಕೇಳು ಎಂದೆ. ಮುಂದಿನ ಭೇಟಿಯಲ್ಲಿ ಕೇಳಿದಳು, ಹಾಕಿದರು, ಹುಡುಗನ ಎರಡೂ ಹೊಳ್ಳೆ ತೆರೆದುಕೊಂಡವು. ಅಲ್ಲಿಗೆ ಸದ್ಯ ಅವನದು ಪದರದ ತೊಂದರೆ ಎಂದಾಯಿತು. ಈಗ ದಿನಾ ಬೆಳಗ್ಗೆ ಸ್ಪ್ರೇ. ಅವನು ಮರೆಯುತ್ತಾನೆ, ಅವಳು ಬೈಯುತ್ತಾಳೆ, ಬೈದ ಮೇಲೆ ನನಗೆ ಫೋನ್ ಮಾಡಿ, ಆಪರೇಷನ್ ಆಗಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು ಎಂದು ವಾದಿಸುತ್ತಾಳೆ. ಆ ವಾದ ಇನ್ನೂ ನಡೆಯುತ್ತಿದೆ.